ನೀರಿನಿಂದ ಎಣ್ಣೆಗೆ: ಪ್ಲುಟೋನಿಯಂ ದಾಟುವ ಹೊತ್ತು

1965ರ ಜನವರಿ 22ರಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಮುಂಬಯಿಯ ಟ್ರಾಂಬೆಯಲ್ಲಿ ಒಂದು ಕಾರ್ಖಾನೆಯನ್ನು ಉದ್ಘಾಟಿಸಿದರು. ಚೀನಾ ತನ್ನ ಮೊದಲ ಅಣುಬಾಂಬನ್ನು ಸಿಡಿಸಿ ಆಗಿನ್ನೂ ಮೂರು ತಿಂಗಳು ಕಳೆದಿತ್ತು. ಟ್ರಾಂಬೆಯ ಈ ಯೋಜನೆಗೆ ಇಟ್ಟಿದ್ದ ಹೆಸರು 'ಫೀನಿಕ್ಸ್'. ತನ್ನದೇ ಬೂದಿಯಿಂದ ಮತ್ತೆ ಹುಟ್ಟಿಬರುವ ಪುರಾಣದ ಹಕ್ಕಿಯ ಹೆಸರನ್ನು ಸುಮ್ಮನೆ ಆರಿಸಿದ್ದಲ್ಲ. ರಿಯಾಕ್ಟರಿನಲ್ಲಿ ಉರಿದು ಹೊರಬಂದ ಯುರೇನಿಯಂ ಸರಳುಗಳಿಂದ ಪ್ಲುಟೋನಿಯಂ ಎಂಬ ಲೋಹವನ್ನು ಹೆಕ್ಕಿ ತೆಗೆಯುವುದೇ ಅದರ ಕೆಲಸವಾಗಿತ್ತು. ಆ ವಿದ್ಯೆ ಆಗ ಬೆರಳೆಣಿಕೆಯ ದೇಶಗಳಿಗೆ ಮಾತ್ರ ಒಲಿದಿತ್ತು.

ಇಷ್ಟು ಗಂಭೀರವಾದ ಕಾರ್ಖಾನೆಯ ಒಳಗೆ ನಡೆಯುವ ಕೆಲಸವನ್ನು ಬಿಡಿಸಿ ಹೇಳಿದರೆ ಯಾರಿಗಾದರೂ ಅಚ್ಚರಿಯಾದೀತು. ಸರಳುಗಳನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಆ ಆಮ್ಲದ ನೀರಿಗೆ ಸೀಮೆಎಣ್ಣೆಯ ಜಾತಿಯ ಒಂದು ಎಣ್ಣೆಯನ್ನು ಸೇರಿಸಿ ಚೆನ್ನಾಗಿ ಕಲಕುತ್ತಾರೆ. ಆ ಎಣ್ಣೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಪಾಲಿನಷ್ಟು ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ದ್ರವ ಬೆರೆತಿರುತ್ತದೆ. ಬಳಕೆಯಲ್ಲಿ ಅದು ಟಿಬಿಪಿ. ಕಲಕುವುದನ್ನು ನಿಲ್ಲಿಸಿದರೆ ಎಣ್ಣೆ ಮೇಲಕ್ಕೆ ಬರುತ್ತದೆ, ನೀರು ಕೆಳಗೆ ನಿಲ್ಲುತ್ತದೆ. ಅಷ್ಟರೊಳಗೆ ಯುರೇನಿಯಂ, ಪ್ಲುಟೋನಿಯಂ ಎರಡೂ ನೀರನ್ನು ಬಿಟ್ಟು ಎಣ್ಣೆಯನ್ನು ಸೇರಿರುತ್ತವೆ. ಸೀಸಿಯಂ, ಸ್ಟ್ರಾನ್ಷಿಯಂ ಮೊದಲಾದ ಉಗ್ರ ವಿಕಿರಣದ ವಸ್ತುಗಳು ನೀರಿನಲ್ಲೇ ಉಳಿದಿರುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ದ್ರಾವಕ ನಿಷ್ಕರ್ಷಣೆ ಎಂದು ಹೆಸರು.

ಆದರೆ ಕಲಕುವುದು ಎಷ್ಟು ಹೊತ್ತು?

ಮೊಸರು ಕಡೆದು ಬೆಣ್ಣೆ ತೆಗೆಯುವವರಿಗೆ ಈ ಪ್ರಶ್ನೆ ಹೊಸದಲ್ಲ. ಬೇಗ ನಿಲ್ಲಿಸಿದರೆ ಬೆಣ್ಣೆ ಕೂಡುವುದಿಲ್ಲ. ಹೊತ್ತು ಮೀರಿದರೆ, ಬಿಸಿಲೇರಿದರೆ, ಕೂಡಿದ ಬೆಣ್ಣೆಯೂ ಸಡಿಲಗೊಂಡು ಮಜ್ಜಿಗೆಯಲ್ಲಿ ಚೆದುರುತ್ತದೆ. ಕೊನೆಗೆ ಎಷ್ಟು ಪಾಲು ಎಲ್ಲಿ ಸೇರುತ್ತದೆ ಎಂಬುದು ಒಂದು ಪ್ರಶ್ನೆ. ಅಲ್ಲಿಗೆ ಸೇರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದನ್ನು ಕುರಿತ ಶಾಸ್ತ್ರವೇ ಕ್ರಿಯಾವೇಗ ಶಾಸ್ತ್ರ. ಅಣುಯುಗದ ಕಥೆ ಹೇಳುವವರು ಭೌತವಿಜ್ಞಾನಿಗಳ ಸುತ್ತಲೇ ಸುತ್ತುತ್ತಾರೆ. ಎಣ್ಣೆ–ನೀರಿನ ಎಲ್ಲೆಯ ಮುಂದೆ ಗಡಿಯಾರ ಹಿಡಿದು ಕುಳಿತ ರಸಾಯನಶಾಸ್ತ್ರಜ್ಞರ ಹೆಸರು ಅಲ್ಲಿ ಬರುವುದು ಅಪರೂಪ. ಆ ಯುಗ ನಿಂತದ್ದು ಮಾತ್ರ ಬಹುಮಟ್ಟಿಗೆ ಅವರ ಲೆಕ್ಕದ ಮೇಲೆಯೇ.

ಯುರೇನಿಯಂ ನೀರನ್ನು ಬಿಟ್ಟು ಬೇರೆ ದ್ರವಕ್ಕೆ ಹೋಗುತ್ತದೆಂಬುದು ಹಳೆಯ ಸಂಗತಿ. 1789ರಲ್ಲಿ ಜರ್ಮನಿಯ ಕ್ಲಾಪ್ರೋತ್ ಯುರೇನಿಯಂ ಇರುವುದನ್ನು ಕಂಡುಹಿಡಿದ. ಅವನು ಲೋಹವೆಂದು ತಿಳಿದದ್ದು ಲೋಹವಲ್ಲ, ಅದರ ಆಕ್ಸೈಡ್ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಪೆಲಿಗೋ. ಅದೇ ಪೆಲಿಗೋ 1842ರ ಸುಮಾರಿಗೆ ಯುರೇನಿಯಂ ನೈಟ್ರೇಟು ಈಥರಿನಲ್ಲಿ ಸುಲಭವಾಗಿ ಕರಗುತ್ತದೆಂಬುದನ್ನೂ ಗುರುತಿಸಿದ. ಇತರ ಲೋಹಗಳ ನೈಟ್ರೇಟುಗಳು ಹಾಗೆ ಕರಗುವುದು ಕಡಿಮೆ. ಯುರೇನಿಯಂನಿಂದ ಯಾರಿಗೂ ದೊಡ್ಡ ಉಪಯೋಗವಿಲ್ಲದ ಕಾಲ ಅದು. ಗಾಜಿಗೆ, ಪಿಂಗಾಣಿಗೆ ಬಣ್ಣ ಕೊಡುವುದಷ್ಟೇ ಅದರ ಕೆಲಸ. ಪೆಲಿಗೋನ ಸಂಗತಿ ನೂರು ವರ್ಷ ಪುಸ್ತಕದಲ್ಲೇ ಇತ್ತು.

ಅದು ಕಾರ್ಖಾನೆಗೆ ಇಳಿದದ್ದು 1942ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಭೌತವಿಜ್ಞಾನಿ ಆರ್ಥರ್ ಕಾಮ್ಟನ್ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ ಎಡ್ವರ್ಡ್ ಮ್ಯಾಲಿಂಕ್ರಾಟ್ ಎಂಬ ಉದ್ಯಮಿಯನ್ನು ಕಂಡರು. ಷಿಕಾಗೋದಲ್ಲಿ ಕಟ್ಟಬೇಕಿದ್ದ ಮೊದಲ ರಿಯಾಕ್ಟರಿಗೆ ಹಿಂದೆಂದೂ ಕಾಣದಷ್ಟು ಶುದ್ಧವಾದ ಯುರೇನಿಯಂ ಟನ್ನುಗಟ್ಟಲೆ ಬೇಕಾಗಿತ್ತು. ಶುದ್ಧಿಗೆ ಗೊತ್ತಿದ್ದ ದಾರಿ ಈಥರ್ ಒಂದೇ. ಈಥರ್ ಎಂದರೆ ಒಂದು ಕಿಡಿಗೆ ಹೊತ್ತಿ ಸಿಡಿಯುವ ವಸ್ತು. ಅದನ್ನು ಪೀಪಾಯಿಗಟ್ಟಲೆ ಯುರೇನಿಯಂ ದ್ರಾವಣದೊಂದಿಗೆ ಕಲಕಲು ಹಲವರು ಹೆದರಿದ್ದರು. ಮ್ಯಾಲಿಂಕ್ರಾಟ್ ಕಂಪೆನಿಗೆ ಶಸ್ತ್ರಚಿಕಿತ್ಸೆಯ ಅರಿವಳಿಕೆಗಾಗಿ ಈಥರ್ ತಯಾರಿಸಿದ ದೀರ್ಘ ಅನುಭವವಿತ್ತು. ಅವರು ಒಪ್ಪಿದರು. ಬೇಸಿಗೆ ಮುಗಿಯುವುದರೊಳಗೆ ದಿನಕ್ಕೆ ಸುಮಾರು ಒಂದು ಟನ್ ಶುದ್ಧ ಆಕ್ಸೈಡ್ ಹೊರಬರತೊಡಗಿತು. ಆ ವರ್ಷದ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಮೊದಲ ಸರಪಳಿ ಕ್ರಿಯೆ ನಡೆದಾಗ ಅಲ್ಲಿ ಪೇರಿಸಿಟ್ಟಿದ್ದ ಯುರೇನಿಯಂನ ಬಹುಪಾಲು ಈಥರಿನ ಎಲ್ಲೆಯನ್ನು ದಾಟಿ ಬಂದದ್ದೇ.

ಪ್ಲುಟೋನಿಯಂನ ಕಥೆ ಹಾಗಾಗಲಿಲ್ಲ. ಅದನ್ನು ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಗುರುತಿಸಿದ್ದು 1941ರ ಫೆಬ್ರುವರಿಯಲ್ಲಿ. ಷಿಕಾಗೋದಲ್ಲಿ ಕನಿಂಗ್‌ಹ್ಯಾಂ ಮತ್ತು ವರ್ನರ್ 1942ರ ಸೆಪ್ಟೆಂಬರ್ 10ರಂದು ಮೊದಲ ಸಲ ತೂಗಿದಾಗ ಇದ್ದ ಪ್ಲುಟೋನಿಯಂ ಆಕ್ಸೈಡಿನ ತೂಕ 2.77 ಮೈಕ್ರೋಗ್ರಾಂ. ಬರಿಗಣ್ಣಿಗೆ ಕಂಡೂ ಕಾಣದಷ್ಟು. ಆ ಕಣದ ನಡವಳಿಕೆಯನ್ನು ನೋಡಿ, ಕೋಟಿಗಟ್ಟಲೆ ಪಟ್ಟು ದೊಡ್ಡದಾದ ಕಾರ್ಖಾನೆಯ ನಕ್ಷೆ ಬರೆಯಬೇಕಾಗಿತ್ತು. ದ್ರಾವಕಗಳು ಅಂಥ ವಿಕಿರಣದ ನಡುವೆ ಹೇಗೆ ವರ್ತಿಸುತ್ತವೆಂದು ಯಾರಿಗೂ ಗೊತ್ತಿರಲಿಲ್ಲ. ತಿಳಿಯಲು ಪುರುಸೊತ್ತೂ ಇರಲಿಲ್ಲ. ಆದ್ದರಿಂದ ಹ್ಯಾನ್‌ಫರ್ಡ್‌ನಲ್ಲಿ ಆರಿಸಿಕೊಂಡದ್ದು ಹಳೆಯ, ಪರಿಚಿತ ದಾರಿ. ಸ್ಟ್ಯಾನ್ಲಿ ತಾಂಪ್ಸನ್ ರೂಪಿಸಿದ ಆ ವಿಧಾನದಲ್ಲಿ ಬಿಸ್ಮತ್ ಫಾಸ್ಫೇಟ್ ಒತ್ತರಿಸಿ ಗಸಿಯಾಗಿ ಕೆಳಗಿಳಿಯುವಾಗ ಪ್ಲುಟೋನಿಯಂ ಅದರೊಂದಿಗೆ ಬರುತ್ತದೆ. ಗಸಿಯನ್ನು ಬೇರ್ಪಡಿಸಿ, ಮತ್ತೆ ಕರಗಿಸಿ, ಮತ್ತೆ ಇಳಿಸಿ, ಹೀಗೆ ಹಲವು ಸುತ್ತು. 1944ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ನಾಗಾಸಾಕಿಯ ಬಾಂಬಿನ ಪ್ಲುಟೋನಿಯಂ ಈ ಗಸಿಯಿಂದ ಬಂದದ್ದು.

ಕೆಲಸವೇನೋ ಆಯಿತು. ಆದರೆ ಒಂದು ಟನ್ ಯುರೇನಿಯಂನಿಂದ ಸಿಗುತ್ತಿದ್ದ ಪ್ಲುಟೋನಿಯಂ ಕೆಲವು ನೂರು ಗ್ರಾಂ ಮಾತ್ರ. ಉಳಿದ ಯುರೇನಿಯಂ ಅಷ್ಟೂ ಕೊಳಕು ದ್ರವದ ಜೊತೆ ನೆಲದಡಿಯ ತೊಟ್ಟಿಗಳಿಗೆ ಹೋಗುತ್ತಿತ್ತು. ಕಡಲೆಕಾಯಿ ಸುಲಿದು ಬೀಜದ ಮೇಲಿನ ಕೆಂಪು ಪೊರೆಯನ್ನು ಇಟ್ಟುಕೊಂಡು ಬೀಜವನ್ನೇ ಎಸೆದಂತೆ. ಎಸೆದ ಯುರೇನಿಯಂ ಬೇಕಾಗಿ, 1952ರಿಂದ ಆ ತೊಟ್ಟಿಗಳ ದ್ರವವನ್ನೇ ಮೇಲೆತ್ತಿ ಮರಳಿ ಪಡೆಯಬೇಕಾಯಿತು. ಹ್ಯಾನ್‌ಫರ್ಡ್‌ನ ನೆಲದಡಿಯಲ್ಲಿ ಅಂಥ 177 ತೊಟ್ಟಿಗಳಿವೆ. ಯುದ್ಧಕಾಲದಿಂದ ದಶಕಗಳ ಕಾಲ ಅವುಗಳಿಗೆ ಸೇರುತ್ತ ಬಂದ ತ್ಯಾಜ್ಯ ಇಪ್ಪತ್ತು ಕೋಟಿ ಲೀಟರಿನ ಆಸುಪಾಸಿನದು. ಅದನ್ನು ಗಾಜಾಗಿಸಿ ಭದ್ರಪಡಿಸುವ ಕೆಲಸ ಇನ್ನೂ ಮುಗಿದಿಲ್ಲ.

ಯುದ್ಧ ಮುಗಿದ ಮೇಲೆ ದ್ರಾವಕದ ದಾರಿಗೆ ಮತ್ತೆ ಬಂದರು. ದ್ರಾವಕದ ದೊಡ್ಡ ಅನುಕೂಲವೆಂದರೆ ಕೆಲಸ ಕಂತುಕಂತಾಗಿ ನಡೆಯಬೇಕಿಲ್ಲ. ಒಂದು ಕಡೆಯಿಂದ ನೀರು, ಇನ್ನೊಂದು ಕಡೆಯಿಂದ ಎಣ್ಣೆ, ಎದುರುಬದುರಾಗಿ ಎಡೆಬಿಡದೆ ಹರಿಯುತ್ತಿರಬಹುದು. ಮೊದಲು ಬಂದದ್ದು ಹೆಕ್ಸೋನ್. ಅದನ್ನು ಬಳಸಿದ 'ರೆಡಾಕ್ಸ್' ಕಾರ್ಖಾನೆ ಹ್ಯಾನ್‌ಫರ್ಡ್‌ನಲ್ಲಿ 1952ರಲ್ಲಿ ತೆರೆಯಿತು. ಹೆಕ್ಸೋನಿಗೆ ಗಾಢ ನೈಟ್ರಿಕ್ ಆಮ್ಲ ಆಗದು. ಹಾಗಾಗಿ ಲೋಹವನ್ನು ನೀರಿನಿಂದ ಎಣ್ಣೆಗೆ ತಳ್ಳಲು ಅಲ್ಯೂಮಿನಿಯಂ ನೈಟ್ರೇಟ್ ಎಂಬ ಲವಣವನ್ನು ಧಾರಾಳವಾಗಿ ಸುರಿಯಬೇಕು, ಅದೆಲ್ಲ ಕೊನೆಗೆ ತ್ಯಾಜ್ಯಕ್ಕೆ ಸೇರಬೇಕು. ಬ್ರಿಟನ್ನಿನವರು ರಾಬರ್ಟ್ ಸ್ಪೆನ್ಸ್ ಎಂಬ ರಸಾಯನಶಾಸ್ತ್ರಜ್ಞನ ತಂಡ ಕೆನಡಾದ ಚಾಕ್ ರಿವರ್‌ನಲ್ಲಿ ರೂಪಿಸಿದ 'ಬ್ಯುಟೆಕ್ಸ್' ದ್ರಾವಕವನ್ನು ವಿಂಡ್‌ಸ್ಕೇಲ್‌ನಲ್ಲಿ 1952ರಿಂದ ಬಳಸಿದರು. ಇವೆರಡನ್ನೂ ಹಿಂದೆ ಹಾಕಿದ್ದು ಟಿಬಿಪಿ. ಅಯೋವಾದ ಜೇಮ್ಸ್ ವಾರ್ಫ್ 1949ರಲ್ಲಿ ಸೀರಿಯಂ ಲೋಹವನ್ನು ನೈಟ್ರಿಕ್ ಆಮ್ಲದಿಂದ ಟಿಬಿಪಿಗೆ ಎಳೆದು ತೋರಿಸಿದ್ದರು. ಆಮ್ಲಕ್ಕೆ ಅದು ಜಗ್ಗದು; ಆಮ್ಲವೇ ಲವಣದ ಕೆಲಸವನ್ನೂ ಮಾಡುತ್ತದೆ; ಕೆಲಸ ಮುಗಿದ ಮೇಲೆ ಆ ಆಮ್ಲವನ್ನು ಕುದಿಸಿ ಮರಳಿ ಪಡೆಯಬಹುದು. ಹೀಗೆ ಬೆಳೆದ 'ಪ್ಯೂರೆಕ್ಸ್' ವಿಧಾನ 1954ರಲ್ಲಿ ಸವಾನಾ ರಿವರ್‌ನಲ್ಲಿ, 1956ರಲ್ಲಿ ಹ್ಯಾನ್‌ಫರ್ಡ್‌ನಲ್ಲಿ ಚಾಲೂ ಆಯಿತು. ಇವತ್ತಿಗೂ ಪ್ರಪಂಚದಲ್ಲಿ ಬಳಸಿದ ಅಣು ಇಂಧನವನ್ನು ಬಿಡಿಸುವ ಕಾರ್ಖಾನೆಗಳ ಮೂಲಪಾಠ ಅದೇ.

ಈಗ ಆ ಎಲ್ಲೆಯ ಹತ್ತಿರ ಹೋಗಿ ನೋಡಬಹುದು. ನೀರಿನಲ್ಲಿರುವ ಯುರೇನಿಯಂ ಅಯಾನು ಒಂಟಿಯಲ್ಲ. ನೀರಿನ ಅಣುಗಳು ಅದನ್ನು ಮುತ್ತಿಕೊಂಡಿರುತ್ತವೆ. ಆ ವೇಷದಲ್ಲಿ ಅದಕ್ಕೆ ಎಣ್ಣೆಯಲ್ಲಿ ಪ್ರವೇಶವಿಲ್ಲ. ಅದು ಎರಡು ನೈಟ್ರೇಟ್ ಅಯಾನುಗಳನ್ನು ಜೊತೆಗೆ ಕರೆದುಕೊಂಡು ತನ್ನ ವಿದ್ಯುತ್ ಅಂಶವನ್ನು ಸರಿದೂಗಿಸಿಕೊಳ್ಳಬೇಕು, ನೀರನ್ನು ಕಳಚಬೇಕು, ಎರಡು ಟಿಬಿಪಿ ಅಣುಗಳನ್ನು ಹೊದ್ದುಕೊಳ್ಳಬೇಕು. ಪ್ಲುಟೋನಿಯಂ ಆದರೆ ನಾಲ್ಕು ನೈಟ್ರೇಟ್, ಎರಡು ಟಿಬಿಪಿ. ಟಿಬಿಪಿ ನೀರಿನಲ್ಲಿ ಕರಗುವುದು ಲೀಟರಿಗೆ ಅರ್ಧ ಗ್ರಾಂಗಿಂತಲೂ ಕಡಿಮೆ. ಆದ್ದರಿಂದ ಈ ವೇಷಬದಲಾವಣೆ ಬಹುತೇಕ ಎಲ್ಲೆಯ ಮೇಲೆಯೇ, ಇಲ್ಲವೇ ಅದಕ್ಕೆ ಅಂಟಿದ ತೆಳು ಪದರದಲ್ಲೇ ನಡೆಯಬೇಕು.

ಆ ತೆಳು ಪದರಗಳ ಕಲ್ಪನೆ ಅಮೆರಿಕದ ವಿಟ್ಮನ್ 1923ರಲ್ಲಿ ಕೊಟ್ಟದ್ದು. ಎಷ್ಟೇ ಕಲಕಿದರೂ ಎಲ್ಲೆಯ ಎರಡೂ ಮಗ್ಗುಲಲ್ಲಿ ಕದಲದ ಒಂದೊಂದು ಪೊರೆ ಉಳಿಯುತ್ತದೆ, ದಾಟುವ ವಸ್ತು ಅದರ ಮೂಲಕ ನುಸುಳಬೇಕು ಎಂಬುದು ಅವರ ವಾದ. ಹಾಗಾದರೆ ತಡ ಆಗುವುದು ಎಲ್ಲಿ, ಪೊರೆಯಲ್ಲೋ, ಎಲ್ಲೆಯ ಮೇಲಿನ ರಾಸಾಯನಿಕ ಕ್ರಿಯೆಯಲ್ಲೋ? ಇದನ್ನು ಬಿಡಿಸಿ ನೋಡಲು ಬ್ರಿಟನ್ನಿನ ಹಾರ್ವೆಲ್ ಪ್ರಯೋಗಾಲಯದ ಜೆ. ಬಿ. ಲೂಯಿಸ್ 1954ರಲ್ಲಿ ಒಂದು ಸರಳ ಉಪಾಯ ಮಾಡಿದರು. ಒಂದೇ ಪಾತ್ರೆಯಲ್ಲಿ ಮೇಲೆ ಎಣ್ಣೆ, ಕೆಳಗೆ ನೀರು. ಎರಡಕ್ಕೂ ಬೇರೆ ಬೇರೆ ಕಡೆಗೋಲು. ನಡುವಿನ ಎಲ್ಲೆ ಮಾತ್ರ ಕದಡದೆ ಚಪ್ಪಟೆಯಾಗಿ ನಿಲ್ಲಬೇಕು. ಆಗ ಎಲ್ಲೆಯ ವಿಸ್ತೀರ್ಣ ಗೊತ್ತು, ಕಲಕುವ ವೇಗ ಗೊತ್ತು, ಎಷ್ಟು ಹೊತ್ತಿಗೆ ಎಷ್ಟು ದಾಟಿತೆಂದು ಅಳೆಯಬಹುದು. ಕಲಕುವ ವೇಗ ಹೆಚ್ಚಿಸಿದಾಗ ದಾಟುವುದೂ ಹೆಚ್ಚಿದರೆ ತಡೆ ಇರುವುದು ಪೊರೆಯಲ್ಲಿ. ಎಷ್ಟು ಜೋರಾಗಿ ಕಲಕಿದರೂ ಲೆಕ್ಕ ಬದಲಾಗದಿದ್ದರೆ ತಡೆ ರಸಾಯನದಲ್ಲಿ. 'ಲೂಯಿಸ್ ಕೋಶ' ಎಂದೇ ಹೆಸರಾದ ಈ ಪಾತ್ರೆಯ ಹಲವು ಸುಧಾರಿತ ರೂಪಗಳು ಮುಂದೆ ಪ್ರಯೋಗಾಲಯಗಳಿಗೆ ಬಂದವು. ದಾರಿ ಅಷ್ಟು ನೇರವೇನೂ ಆಗಿರಲಿಲ್ಲ. ಪೊರೆ ಮತ್ತು ರಸಾಯನ ಎರಡೂ ಒಟ್ಟಿಗೆ ಅಡ್ಡಬರುವ ಸಂದರ್ಭಗಳೇ ಹೆಚ್ಚು.

ಯುರೇನಿಯಂ, ಪ್ಲುಟೋನಿಯಂಗಳ ಮಟ್ಟಿಗೆ ಟಿಬಿಪಿ ಉದಾರಿ. ಚೆನ್ನಾಗಿ ಕಲಕಿದರೆ ದಾಟುವುದು ಸೆಕೆಂಡುಗಳ ಮಾತು. 'ಚೆನ್ನಾಗಿ ಕಲಕುವುದು' ಎಂದರೆ ಎಲ್ಲೆಯನ್ನು ಹಿಗ್ಗಿಸುವುದು. ಹತ್ತು ಸೆಂಟಿಮೀಟರ್ ಚೌಕದ ಡಬ್ಬಿಯಲ್ಲಿ ಒಂದು ಲೀಟರ್ ಎಣ್ಣೆ ನೀರಿನ ಮೇಲೆ ಸುಮ್ಮನೆ ನಿಂತರೆ ಎರಡೂ ತಾಗುವ ಜಾಗ ಅಂಗೈ ಅಗಲ, ನೂರು ಚದರ ಸೆಂಟಿಮೀಟರ್. ಅದೇ ಎಣ್ಣೆಯನ್ನು ಒಂದು ಮಿಲಿಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ತಾಗುವ ಜಾಗ ಆರು ಚದರ ಮೀಟರ್, ಅಂದರೆ ಆರುನೂರು ಪಟ್ಟು. ಹನಿಯನ್ನು ಇನ್ನೂ ಹತ್ತು ಪಟ್ಟು ಸಣ್ಣದು ಮಾಡಿದರೆ ಅರವತ್ತು ಚದರ ಮೀಟರ್, ಒಂದು ಸಣ್ಣ ಮನೆಯ ನೆಲದಷ್ಟು. ಆದರೆ ಅತಿಯಾಸೆ ಇಲ್ಲೂ ಕೆಡುಕು. ಹನಿ ತೀರ ಸಣ್ಣದಾದರೆ ಎಣ್ಣೆ–ನೀರು ಹಾಲಿನಂತೆ ಒಂದಾಗಿ, ಮತ್ತೆ ಬೇರ್ಪಡಲು ಗಂಟೆಗಳು ಹಿಡಿಯುತ್ತವೆ.

ಬೇಗ ದಾಟುತ್ತದೆ ಎಂದ ಮೇಲೆ ಗಡಿಯಾರದ ಚಿಂತೆ ಏಕೆ? ಏಕೆಂದರೆ ದಾಟುವುದು ಇವೆರಡೇ ಅಲ್ಲ, ಮತ್ತು ಕಾಯುವ ಎಣ್ಣೆ ಸುಮ್ಮನೆ ಕಾಯುವುದಿಲ್ಲ. ನೆಪ್ಟ್ಯೂನಿಯಂ ಎಂಬ ಮೂರನೆಯ ಲೋಹವೂ ಆ ದ್ರಾವಣದಲ್ಲಿದೆ. ಅದರ ಒಂದು ಬಗೆಯ ಅರ್ಧಾಯುಷ್ಯ ಇಪ್ಪತ್ತೊಂದು ಲಕ್ಷ ವರ್ಷ. ಅದರ ಒಂದು ರೂಪ ಎಣ್ಣೆಗೆ ಹೋಗುತ್ತದೆ, ಇನ್ನೊಂದು ಹೋಗದು. ಆಮ್ಲದಲ್ಲಿ ಒಂದು ರೂಪ ಇನ್ನೊಂದಾಗುವುದು ನಿಧಾನ. ಹೀಗಾಗಿ ದ್ರವಗಳು ಒಟ್ಟಿಗಿದ್ದ ಹೊತ್ತನ್ನು ಅನುಸರಿಸಿ ಅದು ಕೆಲವು ಪಾಲು ಅತ್ತ, ಕೆಲವು ಪಾಲು ಇತ್ತ ಸೋರಿಹೋಗುತ್ತದೆ. ರುಥೇನಿಯಂನದೂ ಇಂಥದೇ ಕಿರುಕುಳ. ಅದರ ಹಲವು ರೂಪಗಳು ಒಂದರಿಂದ ಒಂದಕ್ಕೆ ಮೆಲ್ಲಗೆ ಬದಲಾಗುತ್ತ, ಹಂತಹಂತಕ್ಕೂ ಒಂದಿಷ್ಟು ಎಣ್ಣೆಯ ಬೆನ್ನು ಹತ್ತುತ್ತವೆ.

ಎಣ್ಣೆಯ ಕಥೆ ಇನ್ನೂ ಬೇರೆ. ವಿಕಿರಣ ಬಿದ್ದಷ್ಟೂ ಟಿಬಿಪಿಯ ಅಣು ಮುರಿದು ಡೈಬ್ಯುಟೈಲ್ ಫಾಸ್ಫೇಟ್ ಆಗುತ್ತದೆ. ಟಿಬಿಪಿ ಲೋಹವನ್ನು ಹಿಡಿಯುತ್ತದೆ, ಕೇಳಿದಾಗ ಬಿಡುತ್ತದೆ. ಈ ಮರಿ ಹಿಡಿದರೆ ಬಿಡದು. ಪ್ಲುಟೋನಿಯಂ, ಜಿರ್ಕೋನಿಯಂಗಳನ್ನು ಕಚ್ಚಿಕೊಂಡು ಎಲ್ಲೆಯಲ್ಲಿ ಕೆನೆಗಟ್ಟಿದಂಥ ಕೊಳಕನ್ನು ಬೆಳೆಸಿ ಮುಂದಿನ ದಾಟುವಿಕೆಗೂ ಅಡ್ಡವಾಗುತ್ತದೆ. ಅದನ್ನು ತೆಗೆಯಲು ಎಣ್ಣೆಯನ್ನು ಸೋಡಿಯಂ ಕಾರ್ಬೊನೇಟಿನಿಂದ ತೊಳೆಯುತ್ತಾರೆ. ಅದೇ, ಬಟ್ಟೆ ಒಗೆಯುವ ಸೋಡಾ. ಆದರೆ ಒಗೆಯುವುದಕ್ಕಿಂತ ಕೊಳೆಯಾಗದಂತೆ ನೋಡಿಕೊಳ್ಳುವುದು ಜಾಣತನವಷ್ಟೆ. ಸವಾನಾ ರಿವರ್‌ನಲ್ಲಿ ಮೊದಲಿಗಿದ್ದವು ಕಲಕುವ–ತಿಳಿಯಾಗಿಸುವ ಪೆಟ್ಟಿಗೆಗಳ ಸಾಲು. ಹ್ಯಾನ್‌ಫರ್ಡ್‌ನಲ್ಲಿ ತೂತಿನ ತಟ್ಟೆಗಳಿದ್ದ ಎತ್ತರದ ಕೊಳವೆಗಳು, ಅವುಗಳಲ್ಲಿ ದ್ರವವನ್ನು ನಾಡಿಯಂತೆ ಮೇಲೆ ಕೆಳಗೆ ಮಿಡಿಸುವ ವ್ಯವಸ್ಥೆ. ಪೆಟ್ಟಿಗೆಗಳಲ್ಲಿ ಎಣ್ಣೆ ಹಂತಹಂತಕ್ಕೆ ನಿಮಿಷಗಟ್ಟಲೆ ವಿಕಿರಣದ ಸಹವಾಸದಲ್ಲಿರಬೇಕಿತ್ತು. 1966ರಲ್ಲಿ ಸವಾನಾ ರಿವರ್‌ನವರು ಮೊದಲ ಸುತ್ತಿನ ಪೆಟ್ಟಿಗೆಗಳನ್ನು ತೆಗೆದು ಅತಿವೇಗದಲ್ಲಿ ಗಿರಗಿರನೆ ತಿರುಗುವ ಉಕ್ಕಿನ ಉರುಳೆಗಳನ್ನು ಕೂರಿಸಿದರು. ಅವು ಎರಡೂ ದ್ರವಗಳನ್ನು ಕಲಕಿ, ಬೆಣ್ಣೆ ತೆಗೆಯುವ ಯಂತ್ರದ ಹಾಗೆ ಕೇಂದ್ರತ್ಯಾಗಿ ಬಲದಿಂದಲೇ ಬೇರ್ಪಡಿಸುತ್ತವೆ. ಒಂದು ಹಂತದ ಕೆಲಸ ಸೆಕೆಂಡುಗಳಲ್ಲಿ ಮುಗಿಯಿತು. ಎಣ್ಣೆಯೂ ಬಾಳಿತು.

ಈ ವಿದ್ಯೆ ಗುಟ್ಟಾಗಿ ಉಳಿದಿದ್ದರೆ ಟ್ರಾಂಬೆಗೆ ಬರುತ್ತಿರಲಿಲ್ಲ. ಅದು ಗುಟ್ಟಾಗಿ ಉಳಿಯದಿದ್ದುದರಲ್ಲಿ ಬರ್ಟ್ರಾಂಡ್ ಗೋಲ್ಡ್‌ಷ್ಮಿಟ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ಪಾತ್ರ ದೊಡ್ಡದು. ಮೇರಿ ಕ್ಯೂರಿಯ ಬಳಿ ಕೆಲಸ ಮಾಡಿದ್ದ ಆತ 1942ರಲ್ಲಿ ಷಿಕಾಗೋದಲ್ಲಿ ಸೀಬೋರ್ಗ್ ಗುಂಪಿನ ಜೊತೆಗಿದ್ದ. ಆಮೇಲೆ ಕೆನಡಾದಲ್ಲಿ ದುಡಿದು, ಯುದ್ಧಾನಂತರ ಊರಿಗೆ ಮರಳಿ, 1949ರಲ್ಲಿ ಫ್ರಾನ್ಸಿನ ಮೊದಲ ಮಿಲಿಗ್ರಾಂ ಪ್ಲುಟೋನಿಯಂ ಬೇರ್ಪಡಿಸಿದ ತಂಡದ ಮುಂದಾಳಾದ. 1955ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಪರಮಾಣುಶಕ್ತಿಯ ಶಾಂತಿಯುತ ಬಳಕೆ ಕುರಿತು ವಿಶ್ವಸಂಸ್ಥೆಯ ಮೊದಲ ಸಮ್ಮೇಳನ ಸೇರಿತು. ಅಲ್ಲಿ ಫ್ರೆಂಚರು ಪ್ಲುಟೋನಿಯಂ ಬೇರ್ಪಡಿಸುವ ತಮ್ಮ ವಿಧಾನವನ್ನು ಬಿಚ್ಚಿಟ್ಟರು. ಅಮೆರಿಕ, ಬ್ರಿಟನ್ನುಗಳಿಗೂ ಬಾಯಿ ಬಿಡದೆ ಗತ್ಯಂತರವಿರಲಿಲ್ಲ. ಆ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಇದ್ದವರು ಹೋಮಿ ಭಾಭಾ. ಯುದ್ಧಕಾಲದ ವರ್ಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದು ಮುಂಬಯಿಗೆ ಹೋದವರು ಅವರು.

ಭಾಭಾ ತಡಮಾಡಲಿಲ್ಲ. 1958ರಲ್ಲಿ ಫೀನಿಕ್ಸಿನ ತೀರ್ಮಾನವಾಯಿತು; ಹೋಮಿ ಸೇಟ್ನಾ ಅದರ ಹೊಣೆ ಹೊತ್ತರು; 1964ರಲ್ಲಿ ಪ್ಯೂರೆಕ್ಸ್ ವಿಧಾನದ ಕಾರ್ಖಾನೆ ಕೆಲಸ ಆರಂಭಿಸಿತು. ವಿಕಿರಣ ತುಂಬಿದ ಮೇಲೆ ಒಳಗೆ ಕ್ಷಣ ಮಾತ್ರವೂ ಕೈ ಹಾಕಲಾಗದಂಥ, ದಪ್ಪ ಕಾಂಕ್ರೀಟ್ ಗೋಡೆಗಳ ಹಿಂದಿನ ಕೊಳಾಯಿಗಳಲ್ಲಿ ಎಣ್ಣೆ–ನೀರು ಹೇಳಿದ ಹೊತ್ತಿಗೆ ಸೇರಿ ಹೇಳಿದ ಹೊತ್ತಿಗೆ ಅಗಲುವಂತೆ ಮಾಡುವುದು, ಸಮ್ಮೇಳನದ ಪ್ರಬಂಧ ಓದಿದಷ್ಟು ಸುಲಭವಲ್ಲ. 1974ರ ಮೇ 18ರಂದು ಪೋಖರಣದಲ್ಲಿ ಸಿಡಿದ ಸಾಧನಕ್ಕೆ ಬೇಕಾದ ಪ್ಲುಟೋನಿಯಂ ಸೈರಸ್ ರಿಯಾಕ್ಟರಿನಲ್ಲಿ ಹುಟ್ಟಿ ಟ್ರಾಂಬೆಯಲ್ಲಿ ಬೇರ್ಪಟ್ಟದ್ದು. ಆ ಪ್ರಯೋಗದ ಮುಂದಾಳು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಅದರ ಸದ್ದು ದೂರ ಮುಟ್ಟಿತು. ಪರಮಾಣು ಸಾಮಗ್ರಿ ಮಾರುವ ದೇಶಗಳು ಕೂಟ ಕಟ್ಟಿಕೊಂಡವು. 1977ರ ಏಪ್ರಿಲಿನಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ತಮ್ಮ ದೇಶದಲ್ಲೇ ವಾಣಿಜ್ಯ ಇಂಧನದ ಮರುಸಂಸ್ಕರಣೆಯನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದರು. ವಿದ್ಯೆ ಕಲಿಸಿದವರೇ ಅಂಗಡಿ ಮುಚ್ಚಿದ ಈ ಪ್ರಸಂಗದಲ್ಲಿ ನ್ಯಾಯ ಯಾರ ಕಡೆ ಎಂಬ ವಾದ ಇನ್ನೂ ತೀರಿಲ್ಲ.

ಎಣ್ಣೆ ಮತ್ತು ಆಮ್ಲ ಬೇಡದ ಕಡೆ, ಬೇಡದ ಹೊತ್ತು ಜೊತೆಗಿದ್ದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. 1973ರ ಸೆಪ್ಟೆಂಬರ್ 26ರಂದು ವಿಂಡ್‌ಸ್ಕೇಲ್‌ನ ಹಳೆಯ ಕಟ್ಟಡವೊಂದರಲ್ಲಿ, ಕರಗದೆ ತಳದಲ್ಲಿ ಉಳಿದು ಕಾದಿದ್ದ ವಿಕಿರಣದ ಕಣಗಳಿಗೆ ಬ್ಯುಟೆಕ್ಸ್ ದ್ರಾವಕ ತಾಗಿತು. ಹಠಾತ್ತನೆ ನಡೆದ ಕ್ರಿಯೆಯಿಂದ ರುಥೇನಿಯಂ ಹೊರಚಿಮ್ಮಿ 35 ಜನಕ್ಕೆ ತಗುಲಿತು. ಕಾರ್ಖಾನೆಯ ಆ ಭಾಗ ಮತ್ತೆ ತೆರೆಯಲೇ ಇಲ್ಲ. ಟಿಬಿಪಿಗೂ ಇಂಥದೊಂದು ಕೇಡಿನ ಮುಖವಿದೆ. ಅದು ಗಾಢ ನೈಟ್ರಿಕ್ ಆಮ್ಲದೊಂದಿಗೆ ಸುಮಾರು 130 ಡಿಗ್ರಿಗಿಂತ ಮೇಲೆ ಕಾದರೆ 'ಕೆಂಪೆಣ್ಣೆ' ಎಂದು ಹೆಸರಾದ ಸ್ಫೋಟಕ ಮಿಶ್ರಣವಾಗುತ್ತದೆ. ಸವಾನಾ ರಿವರ್‌ನಲ್ಲಿ 1953ರಲ್ಲೂ 1975ರಲ್ಲೂ ಅದು ಸಿಡಿದಿತ್ತು.

1993ರ ಏಪ್ರಿಲ್ 6ರಂದು ಸೈಬೀರಿಯದ ತೋಮ್ಸ್ಕ್–7 ಎಂಬ ಮುಚ್ಚಿದ ನಗರದಲ್ಲಿ ನಡೆದದ್ದು ಕ್ರಿಯಾವೇಗದ ಪಾಠವನ್ನು ಅತ್ಯಂತ ಕಟುವಾಗಿ ಹೇಳಿದ ಘಟನೆ. ಯುರೇನಿಯಂ ದ್ರಾವಣವಿದ್ದ ಒಂದು ತೊಟ್ಟಿಗೆ ಗಾಢ ನೈಟ್ರಿಕ್ ಆಮ್ಲ ಸೇರಿಸಿದರು. ತೊಟ್ಟಿಯಲ್ಲಿ ಎಣ್ಣೆಯ ಅಂಶವೂ ಇತ್ತು. ಗಾಳಿ ಊದಿ ಎಲ್ಲವನ್ನೂ ಕಲಕಬೇಕಿತ್ತು, ಕಲಕುವುದು ಸಾಲಲಿಲ್ಲ. ದ್ರವಗಳು ಪದರಪದರವಾಗಿ ನಿಂತವು. ಆಮ್ಲ ಎಣ್ಣೆಯನ್ನು ತಿನ್ನುತ್ತ ಶಾಖ ಹುಟ್ಟಿಸಿತು. ಶಾಖ ಹೊರಹೋಗುವ ವೇಗಕ್ಕಿಂತ ಹುಟ್ಟುವ ವೇಗ ಹೆಚ್ಚಾಯಿತು, ಶಾಖ ಹೆಚ್ಚಿದಷ್ಟೂ ಕ್ರಿಯೆ ಇನ್ನೂ ಚುರುಕಾಯಿತು. ತೊಟ್ಟಿ ಒಡೆದು ಕಟ್ಟಡದ ಗೋಡೆ ಹಾರಿತು. ಈಶಾನ್ಯ ದಿಕ್ಕಿನ ಹಿಮದ ಮೇಲೆ, ಗಿಯೋರ್ಗಿಯೆವ್ಕಾ ಎಂಬ ಹಳ್ಳಿಯವರೆಗೂ, ವಿಕಿರಣದ ಪಟ್ಟೆ ಬಿದ್ದಿತು.

ಭಾರತದಲ್ಲಿ ಗಡಿಯಾರದ ಪ್ರಶ್ನೆ ಮತ್ತೆ ಮುಂದೆ ಬಂದದ್ದು ಕಲ್ಪಾಕ್ಕಂನಲ್ಲಿ. ಅಲ್ಲಿಯ ವೇಗೋತ್ಪಾದಕ ಪರೀಕ್ಷಾ ರಿಯಾಕ್ಟರಿನ ಇಂಧನದಲ್ಲಿ ಪ್ಲುಟೋನಿಯಂ ಹೆಚ್ಚು, ವಿಕಿರಣವೂ ಬಹಳ ಹೆಚ್ಚು. ಅಂಥ ದ್ರಾವಣದ ಜೊತೆ ಎಣ್ಣೆಯನ್ನು ನಿಮಿಷಗಟ್ಟಲೆ ಕೂರಿಸುವಂತಿಲ್ಲ. ಆದ್ದರಿಂದ 2003ರಲ್ಲಿ ಆರಂಭವಾದ, ಸೀಸದ ಗೋಡೆಗಳ 'ಕೋರಲ್' ಎಂಬ ಪುಟ್ಟ ಘಟಕದಲ್ಲಿ ತಿರುಗುವ ಉರುಳೆಗಳನ್ನೇ ಅಳವಡಿಸಿದರು. ಅಲ್ಲಿಯ ಅನುಭವದ ಮೇಲೆ ಕಟ್ಟಿದ ದೊಡ್ಡ ಮಾದರಿ ಕಾರ್ಖಾನೆಯನ್ನು 2024ರ ಜನವರಿ 2ರಂದು ಪ್ರಧಾನಿ ನರೇಂದ್ರ ಮೋದಿ ರಾಷ್ಟ್ರಕ್ಕೆ ಅರ್ಪಿಸಿದರು.

ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೂ ಉಳಿಯುವ ತ್ಯಾಜ್ಯದಲ್ಲಿ ಅಮೆರಿಸಿಯಂ ಎಂಬ ಮತ್ತೊಂದು ಆಕ್ಟಿನೈಡ್ ಇದೆ. ತ್ಯಾಜ್ಯ ಸಾವಿರಾರು ವರ್ಷ ಬಿಸಿಯಾಗಿ, ವಿಷವಾಗಿ ಉಳಿಯಲು ಅದೂ ಒಂದು ಮುಖ್ಯ ಕಾರಣ. ಅದನ್ನು ತೆಗೆಯುವುದು ತೀರ ಕಷ್ಟ. ಯುರೋಪಿಯಂ ಮೊದಲಾದ ಅಪರೂಪದ ಲೋಹಗಳು ರಾಸಾಯನಿಕವಾಗಿ ಅದರ ಅವಳಿಯಂತೆ ಇರುತ್ತವೆ. ಓಕ್ ರಿಜ್‌ನ ವೀವರ್ ಮತ್ತು ಕ್ಯಾಪಲ್‌ಮನ್ 1964ರಲ್ಲಿ ಇದಕ್ಕೊಂದು ದಾರಿ ಕಂಡರು. ನೀರಿನಲ್ಲಿ ಅಮೆರಿಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ವಸ್ತು, ಎಣ್ಣೆಯಲ್ಲಿ ಉಳಿದ ಲೋಹಗಳನ್ನು ಎಳೆದುಕೊಳ್ಳುವ ಇನ್ನೊಂದು. ವಿಧಾನಕ್ಕೆ ಅವರು 'ಟಾಲ್‌ಸ್ಪೀಕ್' ಎಂದು ಹೆಸರಿಟ್ಟರು. ಮೊದಲಕ್ಷರಗಳನ್ನು ಜೋಡಿಸಿ ಆ ಹೆಸರು ಮಾಡಲು ಇಂಗ್ಲಿಷ್ ಪದವೊಂದರ ಕಾಗುಣಿತವನ್ನೇ ಜರ್ಮನರ ಹಾಗೆ ತಿದ್ದಿಕೊಂಡದ್ದು ವಿಜ್ಞಾನಿಗಳ ಹುಡುಗಾಟ.

ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ನೀರಿನಲ್ಲಿ ಹಿಡಿದುಕೊಂಡ ವಸ್ತು ಲೋಹವನ್ನು ಬಿಟ್ಟುಕೊಡುವುದರಲ್ಲಿ ವಿಪರೀತ ನಿಧಾನ. ಎಷ್ಟು ಕಲಕಿದರೂ ತಡವಾಗುತ್ತಿತ್ತು, ತಡೆ ರಸಾಯನದಲ್ಲೇ ಇತ್ತು. ಆ ನಿಧಾನವನ್ನು ಮುರಿದದ್ದು ದ್ರಾವಣಕ್ಕೆ ಧಾರಾಳವಾಗಿ ಬೆರೆಸಿದ ಲ್ಯಾಕ್ಟಿಕ್ ಆಮ್ಲ, ಮೊಸರನ್ನು ಹುಳಿಯಾಗಿಸುವ ಅದೇ ಆಮ್ಲ. ಅದಿಲ್ಲದೆ ವಿಧಾನ ನಡೆಯದು. ಅದು ಅಲ್ಲಿ ನಿಖರವಾಗಿ ಏನು ಮಾಡುತ್ತದೆ, ಲೋಹವನ್ನು ಎಲ್ಲಿ ಕೈ ಬದಲಿಸುತ್ತದೆ ಎಂಬುದರ ಬಗ್ಗೆ ಐವತ್ತು ವರ್ಷ ಕಳೆದ ಮೇಲೂ ಹೊಸ ಪ್ರಬಂಧಗಳು ಬರುತ್ತಲೇ ಇದ್ದವು.